ಚಕ್ರಕ್ಕೆ ಕೊಟ್ಟ ಕಲ್ಲು

ಆ ಬೀದಿಯಲ್ಲಿ ಬೆಳಗ್ಗೆ ಆರರಿಂದ ಏಳರವರೆಗೆ ಆನೆ ನಡೆದುಹೋದರೂ ಕಂಡವರು ಒಬ್ಬರೂ ಸಿಗುತ್ತಿರಲಿಲ್ಲ. ಅಲ್ಲಿನ ಮನೆಗಳೆಲ್ಲ ಬೀದಿಯ ತುದಿಯ ಪ್ರಾರ್ಥನಾಮಂದಿರಕ್ಕೆ ಸೇರಿದವರವು. ಆ ಒಂದು ತಾಸು ಮನೆಮನೆಯಲ್ಲೂ ಮೌನ. ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು. ಮಾತಿಲ್ಲ, ಒಲೆ ಹಚ್ಚುವಂತಿಲ್ಲ, ಹಾಲಿನವನು ಕೂಡ ಹೊಸ್ತಿಲ ಮೇಲಿನ ಪಾತ್ರೆಗೆ ಸದ್ದಿಲ್ಲದೆ ಹಾಲು ಸುರಿದು ಹೋಗಬೇಕು. ಈ ಕಟ್ಟಳೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವಳೆಂದು ಹೆಸರಾದವಳು ಎಪ್ಪತ್ತೆರಡರ ಮೌನದಜ್ಜಿ. ಮಂದಿರದಲ್ಲಿ ಮೊದಲ ಸಾಲಿನ ಮೊದಲ ಮಣೆ ಅವಳದು. ಬೀದಿಗೆ ಹೊಸ ಸೊಸೆ ಬಂದರೆ ಅವಳೆದುರು ತಂದು ಕೂರಿಸಿ, "ಕಣ್ಣು ಮುಚ್ಚಿ ಕೂರೋದು ಅಂದ್ರೇನು ಅಂತ ಈ ಅಜ್ಜೀನ ನೋಡಿ ಕಲ್ತುಕೋ" ಎನ್ನುತ್ತಿದ್ದರು.

ಇರುವ ಸಂಗತಿ ಹೇಳಿಬಿಡೋಣ. ಅಜ್ಜಿ ಕಣ್ಣು ಮುಚ್ಚುತ್ತಿದ್ದುದು ಮೊದಲ ಹತ್ತು ನಿಮಿಷ ಮಾತ್ರ. ಮಗ, ಸೊಸೆ, ಮೊಮ್ಮಗಳು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುವಾಗ ಅವಳು ಮುಂದಿನ ಕೋಣೆಯಲ್ಲಿ ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿ ಬೀದಿ ನೋಡುತ್ತಿದ್ದಳು. ಒಂದೆರಡು ದಿನದ ಮಾತಲ್ಲ, ಗಂಡ ತೀರಿಕೊಂಡಂದಿನಿಂದ ಇಪ್ಪತ್ತೆರಡು ವರ್ಷದ ಅಭ್ಯಾಸ. ಹಾಲಿನವನ ಸೈಕಲ್ಲು, ಹೊಸ್ತಿಲಿಂದ ಹೊಸ್ತಿಲಿಗೆ ಹಾರುವ ಬೆಕ್ಕು, ತಳ್ಳುಗಾಡಿ ತಳ್ಳಿಕೊಂಡು ಏರಿ ಬರುವ ಸೊಪ್ಪಿನವಳು. ಆಮೇಲೆ ಅಧ್ಯಕ್ಷರ ಕಾರು.

ಮಂದಿರದ ಅಧ್ಯಕ್ಷರದು ಎದುರು ಸಾಲಿನ ಮೂರನೇ ಮನೆ. ವೈದ್ಯರು ಸಕ್ಕರೆ ಮುಟ್ಟಬೇಡಿ ಎಂದ ಮೇಲೆ ಅವರ ಹೆಂಡತಿ ಸಕ್ಕರೆ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಅಧ್ಯಕ್ಷರು ಮೌನಕ್ಕೆ ಮಂದಿರದಲ್ಲೇ ಕೂರುತ್ತಾರೆಂದು ಬೀದಿಯೆಲ್ಲ ನಂಬಿತ್ತು. ಅವರೋ ನೆಟ್ಟಗೆ ಬೇಕರಿಗೆ ಹೋಗಿ, ಸಕ್ಕರೆ ಸವರಿದ ಬನ್ನು ತಂದು, ಕಾರಿನಲ್ಲೇ ಕೂತು ತಿಂದು, ಕಾಗದವನ್ನು ಉಂಡೆ ಮಾಡಿ ಚರಂಡಿಗೆ ಎಸೆಯುತ್ತಿದ್ದರು. ಅಜ್ಜಿ ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ತನ್ನ ಕಣ್ಣಿನ ಕಥೆಯೂ ಹೊರಬೀಳುತ್ತದಲ್ಲ!

ಆ ದಿನ ಆರೂಕಾಲಕ್ಕೆ ಸೊಪ್ಪಿನವಳು ಎಂದಿನಂತೆ ಬಂದಳು. ಗಾಡಿಯ ಅಡಿಯಿಂದ ಅರ್ಧ ಇಟ್ಟಿಗೆ ತೆಗೆದು ನೆಲಕ್ಕೆ ಹಾಕಿ, ಕಾಲಿನಿಂದ ಚಕ್ರದ ಅಡಿಗೆ ಒತ್ತಿದಳು. ಎರಡು ಕಟ್ಟು ಸೊಪ್ಪು ತೆಗೆದುಕೊಂಡು, ಗಾಡಿಗೆ ಬೆನ್ನು ಮಾಡಿ, ಕೆಳಗಿನ ಮನೆಯ ಹೊಸ್ತಿಲಿಗೆ ಹೋದಳು. ಅಷ್ಟರಲ್ಲಿ ಅಧ್ಯಕ್ಷರ ಕಾರು ಇಳಿಜಾರಿನಲ್ಲಿ ಹಿಂದಕ್ಕೆ ಬಂತು. ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದರಲ್ಲಿ ಬನ್ನು. ಕಾರು ಗಾಡಿಗೆ ಗುದ್ದಿತು. ಗಾಡಿ ಇಟ್ಟಿಗೆ ಹಾರಿಸಿಕೊಂಡು ಉರುಳಿತು, ಸೊಪ್ಪಿನವಳ ಕಾಲಿನ ಮೇಲೆ ಹಾದು ಕಂಬಕ್ಕೆ ತಾಗಿ ನಿಂತಿತು.

ಅಜ್ಜಿ ಎದ್ದಳು. ಕೂಗು ಗಂಟಲಿಗೆ ಬಂದಿತ್ತು. ಈಗ ಕೂಗಿದರೆ ನೋಡಿದ್ದು ಎಲ್ಲರಿಗೂ ಗೊತ್ತಾಗುತ್ತದೆ ಎಂಬುದು ಅದೇ ಕ್ಷಣ ತಲೆಗೆ ಹೊಳೆಯಿತು. ಪರದೆ ಎಳೆದು ಮತ್ತೆ ಕೂತುಬಿಟ್ಟಳು. ಸೊಪ್ಪಿನವಳ ಚೀರಾಟ ಕೇಳಿ ಬೀದಿಯವರೆಲ್ಲ ಕಣ್ಣುಜ್ಜಿಕೊಳ್ಳುತ್ತ ಹೊರಗೆ ಓಡಿದಾಗ, ಎಲ್ಲರಿಗಿಂತ ಕೊನೆಗೆ ಬಂದವಳು ಮೌನದಜ್ಜಿ.

"ಗಾಡಿ ತಾನಾಗೇ ಜಾರಿತು" ಎಂದರು ಅಧ್ಯಕ್ಷರು, ಮೀಸೆ ಒರೆಸಿಕೊಳ್ಳುತ್ತ. "ಚಕ್ರಕ್ಕೆ ಕಲ್ಲು ಕೊಟ್ಟಿಲ್ಲ ಇವಳು. ನಿಲ್ಲಿಸಿದ್ದ ನನ್ನ ಕಾರಿಗೂ ಉಜ್ಜಿಕೊಂಡು ಹೋಯ್ತು. ಬನ್ನಿ, ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗೋಣ."

ಕರೆದುಕೊಂಡು ಹೋದರು ಕೂಡ. ಅಷ್ಟು ಮಟ್ಟಿಗೆ ಒಳ್ಳೆಯ ಮನುಷ್ಯರೇ.

ಗುಟ್ಟು ಹೊರಬಿದ್ದದ್ದು ಮೂರನೆಯ ದಿನ, ಊಟದ ಹೊತ್ತಿನಲ್ಲಿ. ಅಂದು ಸೊಪ್ಪಿರಲಿಲ್ಲ, ಬರಿ ಬೇಳೆ. ಸೊಸೆ ಬಡಿಸುತ್ತ, "ಪಾಪ, ಕಾಲು ಎರಡು ಕಡೆ ಮುರಿದಿದೆಯಂತೆ. ಒಂದು ಕಲ್ಲು ಕೊಟ್ಟಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ" ಎಂದಳು.

"ಕೊಟ್ಟಿದ್ಲು" ಎಂದಳು ಅಜ್ಜಿ, ತುತ್ತು ಕಲಸುತ್ತ. "ಅರ್ಧ ಇಟ್ಟಿಗೆ. ಕಾಲಲ್ಲಿ ಒತ್ತಿದ್ಲು."

ಮೂವರ ಕೈಯೂ ಇದ್ದಲ್ಲೇ ನಿಂತಿತು.

"ನೀನೆಲ್ಲಿ ನೋಡಿದೆ ಅಜ್ಜಿ?" ಮೊಮ್ಮಗಳು ಕೇಳಿದಳು. ಔಷಧಿ ಅಂಗಡಿಯಲ್ಲಿ ದಿನವಿಡೀ ಡಾಕ್ಟರುಗಳ ಬರಹ ಓದಿ ಪಳಗಿದ ಹುಡುಗಿ. ಅವಳ ಕಣ್ಣು ತಪ್ಪಿಸುವುದು ಸುಲಭವಲ್ಲ.

"ಯಾರೋ ಹೇಳಿದ್ರು."

"ಯಾರು? ಬೀದಿಯವರೆಲ್ಲ ಕಣ್ಣು ಮುಚ್ಚಿದ್ರು ಅಂತ ಹೇಳ್ತಿದ್ದಾರೆ. ಅಜ್ಜಿ, ನನ್ನ ಮುಖ ನೋಡು."

ಅಜ್ಜಿ ಬೇಳೆಯ ಪಾತ್ರೆ ನೋಡಿದಳು. ಆಮೇಲೆ ಹೇಳಿದಳು. ಪರದೆ, ಇಟ್ಟಿಗೆ, ಕಾರು, ಎಲ್ಲವನ್ನೂ. ಬನ್ನೊಂದನ್ನು ಮಾತ್ರ ಬಿಟ್ಟಳು.

"ಇಪ್ಪತ್ತೆರಡು ವರ್ಷ!" ಮೊಮ್ಮಗಳು ಎಡಗೈಯನ್ನು ಹಣೆಗೆ ಬಡಿದುಕೊಂಡಳು. "ನಾನು ಎರಡನೇ ಕ್ಲಾಸಲ್ಲಿದ್ದಾಗ ಕಣ್ಣು ಬಿಟ್ಟೆ ಅಂತ ಸ್ಕೇಲಲ್ಲಿ ಹೊಡೆದಿದ್ದೆಯಲ್ಲ!"

"ನೀನು ಕಣ್ಣು ಬಿಟ್ಟಿದ್ದಕ್ಕಲ್ಲ ಹೊಡೆದಿದ್ದು. ನೀನು ಬಿಟ್ಟರೆ ನನ್ನನ್ನ ನೋಡಿಬಿಡ್ತೀಯಲ್ಲ ಅಂತ."

ಸೊಸೆಗೆ ನಗು ಬಂತು. ಗಂಡನ ಮುಖ ನೋಡಿ ನುಂಗಿಕೊಂಡಳು. ಮಗನಿಗೆ ನಗುವಂಥದ್ದೇನೂ ಕಂಡಿರಲಿಲ್ಲ. ಅವನು ಮಂದಿರದ ಪ್ರೆಸ್ಸಿನಲ್ಲಿ ಹದಿನೆಂಟು ವರ್ಷದಿಂದ ಯಂತ್ರ ನಡೆಸುವವನು. ಕೆಲಸ ಕೊಟ್ಟವರು ಇದೇ ಅಧ್ಯಕ್ಷರು, ಬೇಡವೆಂದರೆ ತೆಗೆಯುವವರೂ ಅವರೇ.

"ಅಮ್ಮ, ಇದು ಈ ನಾಲ್ಕು ಗೋಡೆ ದಾಟಬಾರದು" ಎಂದ.

"ಯಾಕಪ್ಪ ದಾಟಬಾರದು?" ಮೊಮ್ಮಗಳು ಸೆಟೆದಳು.

"ಯಾಕೆ ಅಂದ್ರೆ ನಿನ್ನ ತಟ್ಟೇಲಿರೋ ಅನ್ನ ಎಲ್ಲಿಂದ ಬಂತು ಅಂತ ಯೋಚನೆ ಮಾಡು."

"ನಾನೂ ದುಡೀತೀನಿ. ಹೆದರಿಕೆ ಕಲಸಿದ ಅನ್ನ ನನಗೆ ಬೇಡ."

"ಏಯ್, ಅನ್ನದ ಮುಂದೆ ಕೂತು ಹಾಗೆಲ್ಲ ಆಡಬೇಡಿ" ಎಂದು ಸೊಸೆ ಇಬ್ಬರ ನಡುವೆ ಪಾತ್ರೆ ಇಟ್ಟಳು. "ಅತ್ತೇನ ಯಾರೂ ಏನೂ ಕೇಳಿಲ್ಲ. ಕೇಳಿದಾಗ ನೋಡೋಣ. ಸುಳ್ಳು ಹೇಳೋದು ಬೇಡ, ಹಾಗಂತ ಊರೆಲ್ಲ ಡಂಗುರ ಹೊಡೆಯೋದೂ ಬೇಡ."

ಅಜ್ಜಿಗೆ ಸೊಸೆಯ ಮಾತು ಹಿಡಿಸಿತು. ಕೇಳಿದಾಗ ನೋಡೋಣ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಎರಡು ವಾರ ದೂಡಿದಳು.

ಎರಡನೆಯ ವಾರ ಮಂದಿರದ ಸಭೆಯಲ್ಲಿ, ಸೊಪ್ಪಿನವಳ ಆಸ್ಪತ್ರೆಯ ಖರ್ಚನ್ನೆಲ್ಲ ಅಧ್ಯಕ್ಷರು ದಾನವಾಗಿ ಕೊಟ್ಟಿದ್ದಾರೆಂದು ಕಾರ್ಯದರ್ಶಿ ಎದ್ದು ನಿಂತು ಹೇಳಿದ. ಚಪ್ಪಾಳೆ ಬಿತ್ತು. ಅಧ್ಯಕ್ಷರು ಕೈ ಮುಗಿದು, "ನನ್ನದೇನಿದೆ, ಎಲ್ಲ ದೇವರದು" ಎಂದರು. ಮೊದಲ ಮಣೆಯ ಮೇಲೆ ಕೂತಿದ್ದ ಅಜ್ಜಿಯೂ ಎರಡು ಸಲ ಕೈ ತಟ್ಟಿದಳು. ಮನೆಗೆ ಬಂದ ಮೇಲೆ ಆ ಕೈಯಿಂದ ಊಟ ಮಾಡಲು ಮನಸ್ಸಾಗಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಗಂಜಿ ಮಾಡಿಸಿಕೊಂಡು ಚಮಚದಲ್ಲಿ ಕುಡಿದಳು.

ಮೂರನೆಯ ವಾರ ಮೊಮ್ಮಗಳು ಅಂಗಡಿಯಿಂದ ಬಂದವಳೇ ಚೀಲ ಬಿಸಾಡಿ ಹೇಳಿದಳು. "ಸೊಪ್ಪಿನವಳಿಗೆ ನಗರಸಭೆಯಿಂದ ನೋಟಿಸು ಬಂದಿದೆ. ಗಾಡೀನ ಹುಷಾರಿಲ್ಲದೆ ಇಳಿಜಾರಲ್ಲಿ ಬಿಟ್ಟು ಜನಕ್ಕೆ ಅಪಾಯ ಮಾಡಿದ್ದಾಳಂತೆ. ಅವಳ ಪರವಾನಗಿ ಯಾಕೆ ರದ್ದು ಮಾಡಬಾರದು, ಬಂದು ಹೇಳು ಅಂತ. ವಿಚಾರಣೆ ಬರೋ ಗುರುವಾರದ ಆಚೆ ಗುರುವಾರ."

"ಕಾಲು ಮುರಿದಿದ್ದು ಅವಳದೇ, ಅಪಾಯ ಮಾಡಿದವಳೂ ಅವಳೇನಾ?" ಸೊಸೆ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು.

"ಅಧ್ಯಕ್ಷರೇ ದೂರು ಕೊಟ್ರಾ?" ಎಂದ ಮಗ. ದನಿ ತಗ್ಗಿತ್ತು.

"ಇಲ್ಲಪ್ಪ. ಆಸ್ಪತ್ರೆಯ ಕಾಗದದಲ್ಲಿ ಅವರು ಹೇಳಿ ಬರೆಸಿದ್ದನ್ನ ನೋಡಿ ಆಫೀಸಿನವರೇ ಶುರು ಮಾಡಿದ್ದು. ಈಗ ಹಿಂದಕ್ಕೆ ತಗೋಬೇಕು ಅಂದ್ರೆ ಅವರು ತಾವೇ ಗುದ್ದಿದ್ದು ಅಂತ ಹೇಳ್ಬೇಕು."

ಮರುದಿನ ಅಜ್ಜಿ ಸೊಸೆಯಿಂದ ಒಂದು ಡಬ್ಬಿ ಅನ್ನ, ಬೇಳೆ ಕಟ್ಟಿಸಿಕೊಂಡು, ಎರಡು ಕಡೆ ಕೂತು ದಣಿವಾರಿಸಿಕೊಂಡು, ಸೊಪ್ಪಿನವಳ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆ. ತಳ್ಳುಗಾಡಿಯನ್ನು ಬಾಗಿಲಿಗೆ ಸರಪಳಿಯಿಂದ ಕಟ್ಟಿದ್ದರು. ಸೊಪ್ಪಿನವಳು ಪಟ್ಟಿ ಹಾಕಿದ ಕಾಲನ್ನು ಡಬ್ಬದ ಮೇಲೆ ಚಾಚಿ ಕೂತು ಬಟಾಣಿ ಸುಲಿಯುತ್ತಿದ್ದಳು.

"ಅಯ್ಯೋ ಅಜ್ಜಿ, ನೀವ್ಯಾಕೆ ಇಷ್ಟು ದೂರ ಬಂದ್ರಿ?"

"ನಡೀಬೇಕಮ್ಮ, ಕಾಲಿಗೆ ಒಳ್ಳೇದು" ಎಂದ ಅಜ್ಜಿ, ಯಾರ ಕಾಲಿನ ಎದುರು ಏನು ಹೇಳಿದೆನೆಂದು ನಾಲಿಗೆ ಕಚ್ಚಿಕೊಂಡಳು. ಸೊಪ್ಪಿನವಳು ಮಾತ್ರ ನಕ್ಕುಬಿಟ್ಟಳು.

ಡಬ್ಬಿ ಬಿಚ್ಚಿ, ಮುಂದೆ ಕೂತು ಉಣ್ಣಿಸಿ ಆದಮೇಲೆ ಅಜ್ಜಿ ಕೇಳಿದಳು, "ವಿಚಾರಣೆಗೆ ಯಾರನ್ನ ಕರ್ಕೊಂಡು ಹೋಗ್ತೀಯ?"

"ಯಾರಿದ್ದಾರೆ? ಎಲ್ಲರ ಕಣ್ಣೂ ಮುಚ್ಚಿತ್ತು. ಆಸ್ಪತ್ರೆ ಖರ್ಚು ಕೊಟ್ರು, ಅವರ ಹೊಟ್ಟೆ ತಣ್ಣಗಿರಲಿ. ಆದ್ರೆ ಅಜ್ಜಿ, ನನಗೆ ದಾನ ಬೇಕಿರಲಿಲ್ಲ. ಕಲ್ಲು ಕೊಟ್ಟಿದ್ಲು ಅಂತ ಯಾರಾದ್ರೂ ಒಬ್ಬರು ಹೇಳಿದ್ರೆ ಸಾಕಿತ್ತು. ಇಪ್ಪತ್ತೈದು ವರ್ಷದಲ್ಲಿ ಒಂದು ದಿನ ಮರೆತಿಲ್ಲ."

ಅಜ್ಜಿ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು ಸೊಪ್ಪಿನವಳು, ಬಟಾಣಿಯ ಮೇಲೆ ಕಣ್ಣಿಟ್ಟು. "ನಿಮ್ಮ ಕಿಟಕಿ ಪರದೆ ಸರಿಯೋದು ನನಗೆ ಗೊತ್ತು. ಮೊದಲಿಂದಾನೂ ಗೊತ್ತು. ಬೀದಿಯೆಲ್ಲ ಕಣ್ಣು ಮುಚ್ಕೊಂಡಿರೋ ಹೊತ್ತಲ್ಲಿ, ಕತ್ತಲೆ ಇನ್ನೂ ಹರಿದಿರಲ್ಲ, ಒಬ್ಬಳೇ ಗಾಡಿ ತಳ್ತಾ ಬರ್ತೀನಿ. ಒಬ್ಬರು ನೋಡ್ತಿದ್ದಾರಲ್ಲ ಅಂತ ಧೈರ್ಯ ಇರೋದು."

"ಮತ್ತೆ ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಮೊದಲ ಮಣೆ ಹೋಗಲ್ವಾ? ಇರಲಿ ಬಿಡಿ. ನನ್ನ ಗಾಡಿ ಹೋದ್ರೆ ಯಾರದಾದ್ರೂ ಮನೇಲಿ ಪಾತ್ರೆ ತೊಳೀತೀನಿ. ನಿಮ್ಮ ಹೆಸರು ಹೋದ್ರೆ ಈ ವಯಸ್ಸಲ್ಲಿ ಇನ್ನೊಂದು ಎಲ್ಲಿಂದ ತರ್ತೀರಿ?"

ಅಜ್ಜಿಗೆ ಕಣ್ಣು ತುಂಬಿ ಬಂತು. ತನ್ನ ಹೆಸರನ್ನು ಇಷ್ಟು ದಿನ ಕಾಯ್ದವಳು ಮುರಿದ ಕಾಲಿನ ಈ ಹೆಂಗಸು ಎಂದು ಆಗ ತಿಳಿಯಿತು. ದಾರಿಯುದ್ದಕ್ಕೂ ಅಳುತ್ತಲೇ ಮನೆಗೆ ಬಂದಳು, ಬಂದವಳೇ ಚಪ್ಪಲಿ ಬಿಡುವ ಮೊದಲೇ, "ಗುರುವಾರ ನಾನು ಹೋಗ್ತೀನಿ" ಎಂದಳು.

ಆ ದಿನ ಮನೆ ರಣರಂಗವಾಯಿತು.

"ನನ್ನ ಕೆಲಸ ಹೋಗುತ್ತೆ ಅಮ್ಮ!" ಮಗ ಕೂಗಿದ.

"ಹೋಗಬಹುದು ಕಣೋ. ನನಗೂ ಭಯ ಇದೆ."

"ಮಂದಿರದವರು ಏನಂತಾರೆ? ಇಷ್ಟು ವರ್ಷ ಎಲ್ಲರಿಗೂ ಟೋಪಿ ಹಾಕಿದಳು ಅನ್ನಲ್ವಾ?"

"ಹಾಕಿದ್ದೀನಲ್ಲ. ಹಾಗಂದ್ರೆ ತಪ್ಪೇನು?"

"ದೇವರ ಮೌನ ಮುರಿದೆ ಅಂತ ತುಂಬಿದ ಸಭೇಲಿ ಒಪ್ಕೊಳ್ತೀಯಾ? ದೇವರ ಭಯ ಇಲ್ವಾ ನಿನಗೆ?"

"ಇರೋದಕ್ಕೇ ಹೋಗ್ತಿರೋದು. ಬೀದಿಗೆ ಕಾಣೋ ಹಾಗೆ ಕಣ್ಣು ಮುಚ್ಚೋದಕ್ಕೆ ದೇವರು ಯಾಕೋ ಬೇಕು? ಅದಕ್ಕೆ ನೆಂಟರಿಷ್ಟರು ಸಾಕು."

ಸೊಸೆ ಅಷ್ಟು ಹೊತ್ತೂ ಸುಮ್ಮನಿದ್ದವಳು ಎದ್ದು, ಅಜ್ಜಿಯ ಒಳ್ಳೆಯ ಸೀರೆ ತೆಗೆದು ಕಳಚಿದ್ದ ಫಾಲ್ಸ್ ಹೊಲಿಯಲು ಕೂತಳು. "ಕೇಳಿದಾಗ ನೋಡೋಣ ಅಂದಿದ್ದೆ. ಈಗ ಕೇಳ್ತಿದ್ದಾರೆ" ಎಂದು ಗಂಡನಿಗೆ ಹೇಳಿದಳು. "ನಿಮ್ಮ ಕೆಲಸ ಹೋದ್ರೆ ನಾನು ಇನ್ನೆರಡು ಶಾಲೆಯ ಯೂನಿಫಾರಂ ಒಪ್ಪಿಕೊಳ್ತೀನಿ." ಮಗ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೌನವೆಂದರೆ ನಿಜವಾಗಿ ಏನೆಂದು ಆ ಮನೆಗೆ ಗೊತ್ತಾದದ್ದು ಆಗಲೇ ಎಂದು ಮೊಮ್ಮಗಳು ಆಮೇಲೆ ನಗುತ್ತಿದ್ದಳು.

ಗುರುವಾರ ನಗರಸಭೆಯ ಮೇಲಿನ ಮಹಡಿಯ ಕೋಣೆಯಲ್ಲಿ ಒಂದು ಮೇಜು, ಕೆಲವು ಕುರ್ಚಿ, ತಿರುಗಲೋ ಬೇಡವೋ ಎಂದು ಯೋಚಿಸುವ ಫ್ಯಾನು. ಅಧಿಕಾರಿ ಕನ್ನಡಕದ ಹೆಂಗಸು. ಸೊಪ್ಪಿನವಳು ಊರುಗೋಲಿನೊಂದಿಗೆ ಬಂದಿದ್ದಳು. ಅಧ್ಯಕ್ಷರು, ಕಾರ್ಯದರ್ಶಿ, ಬೀದಿಯ ಏಳೆಂಟು ಜನ. ಅಜ್ಜಿಯ ಎಡಕ್ಕೆ ಸೊಸೆ, ಬಲಕ್ಕೆ ಮೊಮ್ಮಗಳು.

"ನಾನು ನೋಡಿದ್ದೀನಿ" ಎಂದು ಅಜ್ಜಿ ಎದ್ದು ನಿಂತಳು. "ದೇವರ ಮೇಲೆ ಆಣೆ ಇಡ್ಬೇಕೇನಮ್ಮ?"

"ಇಲ್ಲಿ ಆಣೆ ಪ್ರಮಾಣ ಏನೂ ಬೇಡ ಅಜ್ಜಿ. ನೋಡಿದ್ದು ಹೇಳಿ, ಬರೆದುಕೊಳ್ತೀವಿ, ಸಹಿ ಹಾಕಿ."

ಆಣೆಯೊಂದಿದ್ದರೆ ಹಿಡಿದುಕೊಳ್ಳಲು ಏನೋ ಒಂದು ಇರುತ್ತಿತ್ತು. ಅಜ್ಜಿ ಮೇಜಿನ ಅಂಚು ಹಿಡಿದುಕೊಂಡಳು. ಇಟ್ಟಿಗೆಯ ವಿಷಯ ಹೇಳಿದಳು, ಕಾರು ಹಿಂದಕ್ಕೆ ಬಂದದ್ದು ಹೇಳಿದಳು.

ಕಾರ್ಯದರ್ಶಿ ಮೆಲ್ಲಗೆ ಎದ್ದ. "ಮೇಡಂ, ಅಜ್ಜಿ ನಮ್ಮೆಲ್ಲರಿಗೂ ತಾಯಿ ಇದ್ದ ಹಾಗೆ. ಆದ್ರೆ ವಯಸ್ಸಾಯ್ತು, ಏನೋ ಗೊಂದಲ. ಅದು ನಮ್ಮ ಮೌನದ ಹೊತ್ತು. ಇಡೀ ಬೀದೀಲಿ ಕಣ್ಣು ತೆರೆಯದವರು ಯಾರಾದ್ರೂ ಇದ್ರೆ ಇವರೇ."

ಇಷ್ಟು ಚೆನ್ನಾಗಿ ಬಾಗಿಲು ತೆರೆದುಕೊಟ್ಟಿದ್ದ. ಹೌದಪ್ಪ, ವಯಸ್ಸಾಯ್ತು ಎಂದಿದ್ದರೆ ಹೆಸರೂ ಉಳಿಯುತ್ತಿತ್ತು, ಮಣೆಯೂ ಉಳಿಯುತ್ತಿತ್ತು.

"ತೆರೀತೀನಿ" ಎಂದಳು ಅಜ್ಜಿ. "ದಿನಾ ತೆರೀತೀನಿ. ಹತ್ತು ನಿಮಿಷ ಮುಚ್ತೀನಿ, ಆಮೇಲೆ ಪರದೆ ಸರಿಸಿ ಬೀದಿ ನೋಡ್ತೀನಿ. ನಮ್ಮ ಯಜಮಾನರು ತೀರಿಕೊಂಡ ಹೊಸತರಲ್ಲಿ ನಾನು ಕಣ್ಣು ಮುಚ್ಚಿದ್ರೆ ಸಾಕು, ಅವರ ಆಸ್ಪತ್ರೆ ಮಂಚ ಕಾಣೋದು. ತಡೆಯಕ್ಕಾಗದೆ ಕಣ್ಣು ಬಿಟ್ಟೆ. ಈ ಸೊಪ್ಪಿನವಳು ಬಂದ್ಲು, ಚಕ್ರಕ್ಕೆ ಕಲ್ಲು ಕೊಟ್ಲು. ಅಯ್ಯೋ, ಇವಳು ಇವತ್ತೂ ಬಂದಳಲ್ಲ, ದೇವರೇ, ನಿನ್ನ ದಯ ಅನ್ನಿಸ್ತು. ಹಾಲಿನವನು ಬಂದ. ಅವನಿಗೂ ಹಾಗೇ ಅಂದೆ. ಅವತ್ತಿಂದ ಅದೇ ನನ್ನ ಪ್ರಾರ್ಥನೆ. ಬೇರೆ ಬರಲ್ಲ ನನಗೆ." ಅವಳು ಬೀದಿಯವರ ಕಡೆ ತಿರುಗಿದಳು. "ನಿಮಗೆಲ್ಲ ಮೋಸ ಮಾಡಿದೆ. ಅದಕ್ಕಿಂತ ದೊಡ್ಡ ತಪ್ಪು ಒಂದಿದೆ. ಅವತ್ತು ಇವಳು ಬಿದ್ದಾಗ ಎದ್ದು ನಿಂತೆ, ನಿಮ್ಮ ಭಯಕ್ಕೆ ಮತ್ತೆ ಕೂತೆ. ಅದಕ್ಕೆ ಇವಳು ನನ್ನ ಕ್ಷಮಿಸಬೇಕು."

ಅಧಿಕಾರಿ ಅಷ್ಟನ್ನೂ ಬರೆದುಕೊಂಡರು.

"ಅಧ್ಯಕ್ಷರು ಆ ಹೊತ್ತಲ್ಲಿ ಕಾರು ಎಲ್ಲಿಂದ ತರ್ತಿದ್ರು, ಗೊತ್ತಾ?" ಅಧಿಕಾರಿ ಕೇಳಿದರು.

ಅಜ್ಜಿ ಅಧ್ಯಕ್ಷರತ್ತ ನೋಡಿದಳು. ಅವರ ಪಕ್ಕದಲ್ಲೇ ಅವರ ಹೆಂಡತಿ ಕೂತಿದ್ದಳು. ಅಧ್ಯಕ್ಷರ ಹಣೆಯಲ್ಲಿ ಬೆವರು ಮೂಡಿತ್ತು.

"ಗೊತ್ತು. ಆದ್ರೆ ಗಾಡಿ ಉರುಳಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲಮ್ಮ. ಕಲ್ಲು ಕೊಟ್ಟಿದ್ಲು, ಕಾರು ಗುದ್ದಿತು. ಅಷ್ಟು ಬರ್ಕೊಳ್ಳಿ."

ಅವಳು ಸಹಿ ಹಾಕಿದಳು. ತಲೆಯೆತ್ತಿದಾಗ ಬಾಗಿಲಲ್ಲಿ ಮಗ ನಿಂತಿದ್ದ. ಪ್ರೆಸ್ಸಿನಿಂದ ನೆಟ್ಟಗೆ ಬಂದಿರಬೇಕು, ಕೈಯೆಲ್ಲ ಶಾಯಿ. ಬಂದು ತಾಯಿಯ ಮೊಣಕೈ ಹಿಡಿದುಕೊಂಡ. ಅವಳ ಒಳ್ಳೆಯ ಸೀರೆಗೆ ಅಂಟಿದ ಆ ಕಪ್ಪು ಆಮೇಲೆ ಎಷ್ಟು ತೊಳೆದರೂ ಹೋಗಲಿಲ್ಲ, ಹೋಗುವುದೂ ಅವಳಿಗೆ ಬೇಕಿರಲಿಲ್ಲ.

ಆಗ ಅಧ್ಯಕ್ಷರು ಕೂತಲ್ಲಿಂದಲೇ ಕೆಮ್ಮಿದರು. "ಅಮ್ಮ ಹೇಳಿದ್ದು ಸರಿ" ಎಂದರು. "ಕಾರು ಹಿಂದಕ್ಕೆ ತಗೊಳ್ತಿದ್ದೆ. ನೋಡಲಿಲ್ಲ. ಕೈಯಲ್ಲಿ... ಒಂದು ಕೈಯಲ್ಲಿ ಬನ್ನು ಇತ್ತು."

"ಬನ್ನು?" ಅವರ ಹೆಂಡತಿ ತಿರುಗಿ ನೋಡಿದಳು. ಆ ಒಂದು ಪದಕ್ಕೆ ಅಧಿಕಾರಿಗೂ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಪರವಾನಗಿ ಉಳಿಯಿತು. ಮಗ ಶುಕ್ರವಾರ ಉಸಿರು ಬಿಗಿಹಿಡಿದೇ ಪ್ರೆಸ್ಸಿಗೆ ಹೋದ, ಸಂಜೆ ಒಂದು ಹಾಳೆ ಮಡಿಸಿಕೊಂಡು ಬಂದ. ಮಂದಿರದ ಮಾಸಪತ್ರಿಕೆಯ ಕರಡು. 'ಬಡ ಮಹಿಳೆಗೆ ಅಧ್ಯಕ್ಷರ ದಾನ' ಎಂಬ ಸುದ್ದಿಯನ್ನು ಅಧ್ಯಕ್ಷರೇ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು ಹೊಡೆದುಹಾಕಿದ್ದರು. ಪಕ್ಕದಲ್ಲಿ, 'ದಾನ ಅಲ್ಲ, ನನ್ನ ತಪ್ಪಿಗೆ ಕೊಟ್ಟದ್ದು. ಹಾಗೇ ಅಚ್ಚು ಹಾಕಿ' ಎಂದು ಬರೆದಿದ್ದರು.

"ನಿನ್ನ ಕೆಲಸದ ಬಗ್ಗೆ ಏನಂದ್ರೋ?" ಅಜ್ಜಿ ಕೇಳಿದಳು.

"ಕರಡು ಕೊಟ್ಟು, ಬೇಗ ಮುಗಿಸು ಅಂದ್ರು" ಎಂದ ಮಗ. ಆಮೇಲೆ ತಾಯಿಯ ತಟ್ಟೆಗೆ ತಾನೇ ಅನ್ನ ಬಡಿಸಿದ.

ಮಂದಿರದಲ್ಲಿ ಅಜ್ಜಿ ತಾನಾಗಿ ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ಕೆಲವರು ಮುಖ ತಿರುಗಿಸಿದರು. ಒಬ್ಬ ಹೊಸ ಸೊಸೆ ಮಾತ್ರ ಪಕ್ಕಕ್ಕೆ ಸರಿದು ಕಿವಿಯಲ್ಲಿ, "ಅಜ್ಜಿ, ನನಗೂ ಹತ್ತು ನಿಮಿಷದ ಮೇಲೆ ಆಗಲ್ಲ" ಎಂದಳು. ಮೊದಲ ಸಾಲಿನಲ್ಲಿ ಕೂತಿದ್ದಷ್ಟು ವರ್ಷ ಯಾರೂ ಅವಳಿಗೆ ಹೀಗೆ ಮನಸ್ಸು ಬಿಚ್ಚಿರಲಿಲ್ಲ. ಅಜ್ಜಿಗೆ ಆ ಮೂಲೆ ಬಹಳ ಇಷ್ಟವಾಯಿತು.

ಇನ್ನೂ ಏಳು ವಾರ ಕಳೆಯಿತು. ಒಂದು ಬೆಳಗ್ಗೆ ಅಜ್ಜಿ ಪರದೆಯನ್ನು ಪೂರಾ ಒಂದು ಕಡೆಗೆ ಎಳೆದು ಕೂತು, ಹತ್ತು ನಿಮಿಷ ಕಣ್ಣು ಮುಚ್ಚಿ, ತೆರೆದಳು. ಬೀದಿಯಲ್ಲಿ ಒಂದು ಸೊಲ್ಲೂ ಇಲ್ಲ. ಕೆಳಗಿನಿಂದ ಚಕ್ರದ ಕಿರುಗುಟ್ಟುವ ಸದ್ದು ಬಂತು. ಸೊಪ್ಪಿನವಳು ಸ್ವಲ್ಪ ಕುಂಟುತ್ತ ಗಾಡಿ ತಳ್ಳಿಕೊಂಡು ಬಂದಳು, ನಿಂತಳು. ಹೊಸದೊಂದು ಇಟ್ಟಿಗೆ ತೆಗೆದು ನೆಲಕ್ಕೆ ಹಾಕಿ, ಒಳ್ಳೆಯ ಕಾಲಿನಿಂದ ಚಕ್ರದ ಅಡಿಗೆ ಒತ್ತಿದಳು. ಅಜ್ಜಿಯ ಎದೆ ತುಂಬಿ ಬಂತು. ಬಂದಳಲ್ಲ, ದೇವರೇ, ಇವತ್ತು ಬಂದಳಲ್ಲ ಎಂದುಕೊಂಡಳು.

ಸೊಪ್ಪಿನವಳು ಕಿಟಕಿಯತ್ತ ತಲೆಯೆತ್ತಿ, ಮೌನದ ಹೊತ್ತೆಂಬುದನ್ನು ಮರೆತೋ ಮರೆಯದೆಯೋ, ಬೀದಿಯೆಲ್ಲ ಕೇಳುವಂತೆ ಕೂಗಿದಳು.

"ಅಜ್ಜೀ, ಕಲ್ಲು ಕೊಟ್ಟೆ!"

ಅಂದು ಗಂಟಲಲ್ಲಿ ಉಳಿದಿದ್ದ ಕೂಗು ಅಜ್ಜಿಯ ಬಾಯಿಂದ ಈಗ ಪೂರ್ತಿಯಾಗಿ ಹೊರಟಿತು. "ನೋಡ್ದೆ ಕಣೇ!"

ಒಳಕೋಣೆಯಲ್ಲಿ ಮೊಮ್ಮಗಳು ಕಿಸಕ್ಕೆಂದಳು. ಆಮೇಲೆ ಎದುರು ಸಾಲಿನ ಮೂರನೇ ಮನೆಯ ಪರದೆ ಸರಿಯಿತು. ಒಂದು ಗಂಡು ದನಿ ಅಳುಕುತ್ತ ಕೂಗಿತು.

"ನಾನೂ ನೋಡ್ದೆ!"